ಮಾಡಿನ ತೂತಿಗೆ ಹೊಣೆ ಯಾರು?

ಮಳೆಗಾಲ ಆರಂಭವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ, ಶಿರೂರಿನಿಂದ ಬ್ರಹ್ಮಾವರದವರೆಗೆ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ವರ್ಷವೂ ಸೋರಿತು." ಹಳೆಯ ಹೆಂಚಿನ ಮನೆಯವರು ಹೀಗೆಂದರೆ ಆಶ್ಚರ್ಯವಿಲ್ಲ. ಆದರೆ ಈಗ ಹೀಗೆನ್ನುವವರಲ್ಲಿ ಹೆಚ್ಚಿನವರು ಹತ್ತು ಹದಿನೈದು ವರ್ಷಗಳ ಹಿಂದೆಯಷ್ಟೇ ಲಕ್ಷಾಂತರ ರೂಪಾಯಿ ವ್ಯಯಿಸಿ ಕಾಂಕ್ರೀಟು ಸ್ಲಾಬಿನ ಮನೆ ಕಟ್ಟಿಸಿದವರು. "ಸ್ಲಾಬು ಸರಿಯಾಗಲಿಲ್ಲ, ಸಿಮೆಂಟು ಕಡಿಮೆ ಹಾಕಿದರು" ಎಂದು ಕಂಟ್ರಾಕ್ಟರನ್ನು ದೂರುವುದು ವಾಡಿಕೆ. ನಾನು ಕಂಡ ಮಟ್ಟಿಗೆ, ಬಹಳಷ್ಟು ಮನೆಗಳಲ್ಲಿ ನೀರು ಇಳಿಯುವುದು ಸ್ಲಾಬಿನ ಮೈಯಿಂದಲ್ಲ. ಮನೆ ಕಟ್ಟಿ ಮುಗಿದ ಮೇಲೆ ನಾವೇ ಕೊರೆಸಿದ ತೂತುಗಳಿಂದ.

ನಾನು ಇಂಜಿನಿಯರನಲ್ಲ. ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಿವೃತ್ತರಿಗೆ ಸಮಯವಿದೆ ಎಂಬುದು ಊರಿಗೆಲ್ಲ ತಿಳಿದಿರುವುದರಿಂದ, "ಮಾಷ್ಟ್ರೇ, ಒಮ್ಮೆ ಬಂದು ನೋಡಿ" ಎಂದು ಕರೆಯುವವರಿದ್ದಾರೆ. ಹಾಗೆ ಏಣಿ ಹತ್ತಿ ಹಲವು ಟೆರೇಸುಗಳನ್ನು ನೋಡಿದ ಮೇಲೆ ಮೂಡಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಊರಿನಲ್ಲಿರುವವರಿಗಿಂತ ಬೆಂಗಳೂರು, ಮುಂಬಯಿ, ದುಬಾಯಿಗಳಲ್ಲಿದ್ದುಕೊಂಡು ಊರಿನ ಮನೆಗೆ ಒಂದೊಂದೇ ಸೌಕರ್ಯವನ್ನು ಕಳುಹಿಸಿಕೊಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಹೆಚ್ಚು ಸಂಬಂಧಿಸಿದ್ದು. (ಪರಊರಿನಲ್ಲಿ ಹುಟ್ಟಿದ ಮೊಮ್ಮಕ್ಕಳ ಸಲುವಾಗಿ ಒಂದು ಮಾತು: ನಮ್ಮ ಕಡೆ ಛಾವಣಿಗೆ 'ಮಾಡು' ಎನ್ನುತ್ತೇವೆ.)

ಮೊದಲು ಮಳೆಯ ಲೆಕ್ಕವನ್ನು ನೋಡೋಣ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 1000 ಮಿಲಿಮೀಟರ್. 1000 ಚದರ ಅಡಿಯ ಮಾಡು ಎಂದರೆ ಸುಮಾರು 93 ಚದರ ಮೀಟರ್. ಅದರ ಮೇಲೆ ನಾಲ್ಕು ಮೀಟರ್ ಮಳೆ ಎಂದರೆ 372 ಘನ ಮೀಟರ್, ಅಂದರೆ 3,72,000 ಲೀಟರ್ ನೀರು. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ನಾವು ತರಿಸುವ 6000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ 62 ಟ್ಯಾಂಕರುಗಳಷ್ಟು! ಇಷ್ಟೂ ನೀರು ನಮ್ಮ ತಲೆಯ ಮೇಲಿನ ಆ ಒಂದು ತುಂಡು ಜಾಗದ ಮೇಲೆ ಬಿದ್ದು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಹರಿದುಹೋಗಬೇಕು. ಅದು ನೇರವಾಗಿ ಬೀಳುವ ಮಳೆಯೂ ಅಲ್ಲ. ಸಮುದ್ರದ ಕಡೆಯ ಗಾಳಿಗೆ ಅಡ್ಡಡ್ಡಲಾಗಿ ಬಡಿಯುವ ಮಳೆ. ಈ ಎರಚಲಿಗೆ ಅಂಜಿಯೇ ಹಿಂದೆ ಮನೆಯ ಪಡುವಣ ದಿಕ್ಕಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಬೆಂಗಳೂರಿನಲ್ಲಿ ಕ್ಷಮಿಸಲ್ಪಡುವ ಒಂದು ಸಣ್ಣ ತೂತು ಮರವಂತೆಯಲ್ಲಿ ಕ್ಷಮಿಸಲ್ಪಡುವುದಿಲ್ಲ.

ಹಿಂದಿನ ಮನೆಗಳಲ್ಲಿ ಮಾಡಿಗೆ ತೂತು ಇರಲಿಲ್ಲವೇ? ಇತ್ತು, ಬೇಕಾದಷ್ಟು ಇತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ಕುಂದಾಪುರದ ಆಸುಪಾಸಿನಲ್ಲಿಯೂ ಹೆಂಚಿನ ಕಾರ್ಖಾನೆಗಳ ಹೊಗೆಗೂಡುಗಳು ಎದ್ದವು. ಮಂಗಳೂರು ಹೆಂಚು ಎಷ್ಟು ಹೆಸರಾಯಿತೆಂದರೆ, ಇಂದಿಗೂ ಅದರ ಮಾದರಿಗೆ ಐಎಸ್ 654 ಎಂಬ ಭಾರತೀಯ ಮಾನಕವೇ ಇದೆ. ಒಂದು ಹೆಂಚಿನ ಮಾಡಿನಲ್ಲಿ ಎಷ್ಟು ಹೆಂಚುಗಳಿವೆಯೋ ಅಷ್ಟು ಸಂದುಗಳಿರುತ್ತವೆ. ಆ ಸಂದುಗಳಿಗೆ ಯಾರೂ ಸಿಮೆಂಟು ಮೆತ್ತಲಿಲ್ಲ, ಅಂಟು ಸುರಿಯಲಿಲ್ಲ. ಅಡುಗೆಮನೆಯ ಒಲೆಯ ಹೊಗೆ, ಬಚ್ಚಲ ಹಂಡೆಯ ಹೊಗೆ ಆ ಸಂದುಗಳಿಂದಲೇ ಹೊರಗೆ ಹೋಗುತ್ತಿತ್ತು. ಬೆಳಕಿಗೆ ಗಾಜಿನ ಹೆಂಚು, ಗಾಳಿಗೆ ಗೂಡಿನಂತೆ ಉಬ್ಬಿದ ಹೆಂಚು ಇದ್ದವು. ಗಾಳಿಗೆ, ಹೊಗೆಗೆ, ಬೆಳಕಿಗೆ ದಾರಿ ಇತ್ತು. ನೀರಿಗೆ ಮಾತ್ರ ಇರಲಿಲ್ಲ.

ಇದರ ಗುಟ್ಟು ಬಹಳ ಸರಳವಾದುದು. ಪ್ರತಿಯೊಂದು ಹೆಂಚಿನ ತಲೆ ಮೇಲಿನ ಹೆಂಚಿನ ಅಡಿಗೆ ಸೇರಿರುತ್ತದೆ. ಅದರ ಕಾಲು ಕೆಳಗಿನ ಹೆಂಚಿನ ಮೇಲೆ ಕುಳಿತಿರುತ್ತದೆ. ನೀರು ಕೆಳಕ್ಕೆ ಹರಿಯುತ್ತದೆಯೇ ಹೊರತು ತಾನಾಗಿ ಏರುವುದಿಲ್ಲ. ಆದುದರಿಂದ ಸಂದು ಇದ್ದರೂ ಅದು ನೀರಿನ ದಾರಿಯಲ್ಲಿ ಬರುವುದಿಲ್ಲ. 'ಮೇಲಿನದರ ಅಡಿಗೆ, ಕೆಳಗಿನದರ ಮೇಲಕ್ಕೆ' ಎಂಬುದು ಇದರ ಸೂತ್ರ. ಈ ಸೂತ್ರ ಹೆಂಚಿಗಿಂತಲೂ ಹಳೆಯದು. ಐಹೊಳೆಯ ಲಾಡಖಾನ ಗುಡಿಯನ್ನು ಶಾಲಾ ಪ್ರವಾಸದಲ್ಲಿ ನೋಡಿದವರು ನೆನಪಿಸಿಕೊಳ್ಳಿ. ಅದರ ಇಳಿಜಾರಾದ ಮಾಡಿನ ಕಲ್ಲು ಚಪ್ಪಡಿಗಳು ಕೂಡುವ ಸಂದುಗಳ ಮೇಲೆಲ್ಲ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ. ಚಾಲುಕ್ಯರ ಕಾಲದ ಶಿಲ್ಪಿಯೂ ಸಂದನ್ನು ತುಂಬಲು ಹೋಗಲಿಲ್ಲ, ಸಂದಿಗೆ ಕೊಡೆ ಹಿಡಿದ. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಗರ್ಭಗುಡಿಯ ತಾಮ್ರದ ಹೊದಿಕೆ ನಾಲ್ಕೂ ಕಡೆಯಿಂದ ಬಂದು ಕೂಡುವ ನೆತ್ತಿಯ ಮೇಲೆ ಮುಗುಳಿ ಕುಳಿತಿರುತ್ತದೆ. ಭಕ್ತರಿಗೆ ಅದು ಕೈಮುಗಿಯುವ ಕಳಶ; ಕಟ್ಟುವವನ ಕಣ್ಣಿಗೆ ಅದು ಮಾಡಿನ ಅತ್ಯಂತ ದುರ್ಬಲವಾದ ಸಂದಿನ ಮುಚ್ಚಳವೂ ಹೌದು.

ಹಿಂದಿನದೆಲ್ಲ ಚಿನ್ನ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹೆಂಚಿನ ಮನೆಯೂ ಸೋರುತ್ತಿತ್ತು. ಮಂಗ ಹಾರಿ, ತೆಂಗಿನಕಾಯಿ ಬಿದ್ದು ಹೆಂಚು ಒಡೆಯುತ್ತಿತ್ತು. ರೀಪು, ಪಕಾಸುಗಳಿಗೆ ಒರಲೆ ಹಿಡಿಯುತ್ತಿತ್ತು. ಆದರೆ ಪ್ರತಿ ವರ್ಷ ಏಪ್ರಿಲ್ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವ ಕ್ರಮವಿತ್ತು. ಒಡೆದ ಹೆಂಚನ್ನು ತೆಗೆದು ಬೇರೆ ಹಾಕಿದರೆ ಅರ್ಧ ಗಂಟೆಯ ಕೆಲಸ. ಮಾಡನ್ನು ವರ್ಷಕ್ಕೊಮ್ಮೆ ನೋಡಲೇಬೇಕು ಎಂಬ ತಿಳಿವಳಿಕೆ ಎಲ್ಲರಿಗೂ ಇತ್ತು. ಕಾಂಕ್ರೀಟು ಬಂದ ಮೇಲೆ "ಇನ್ನು ನೋಡುವ ಅಗತ್ಯವಿಲ್ಲ" ಎಂಬ ನಂಬಿಕೆಯೂ ಅದರ ಜೊತೆಗೆ ಬಂದಿತು. ಕಷ್ಟ ಆರಂಭವಾದದ್ದು ಅಲ್ಲಿಂದ.

ಈಗ ನಮ್ಮ ಸೀಮೆಯ ಒಂದು ಸಾಧಾರಣ ತಾರಸಿ ಮನೆಯ ಮೇಲೆ ಹತ್ತಿ ತೂತುಗಳನ್ನು ಎಣಿಸೋಣ. ಮೇಲಿನ ಟ್ಯಾಂಕಿಗೆ ನೀರು ಏರುವ ಪೈಪು ಒಂದು, ಇಳಿಯುವ ಪೈಪುಗಳು ಎರಡು. ಸೌರಶಕ್ತಿಯ ಬಿಸಿನೀರಿನ ಪೈಪು ಒಂದು. ಶೌಚಾಲಯದ ಗಾಳಿ ಪೈಪು ಒಂದು. ಡಿಶ್ಶಿನ ಕೇಬಲ್ಲಿಗೆ ಒಂದು, ಇಂಟರ್ನೆಟ್ಟಿನ ಕೇಬಲ್ಲಿಗೆ ಮತ್ತೊಂದು. ಎಸಿಯ ತಾಮ್ರದ ಕೊಳವೆಗೆ ಒಂದು. ಅಡುಗೆಮನೆಯ ಚಿಮಣಿಯ ಕೊಳವೆ ಗೋಡೆಯಲ್ಲಿ ಹೋಗದಿದ್ದರೆ ಅದಕ್ಕೂ ಒಂದು. ಈಗ ಸೌರ ವಿದ್ಯುತ್ತಿನ ಹಲಗೆಗಳೂ ಬರುತ್ತಿವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದ ಪಿಎಂ ಸೂರ್ಯಘರ್ ಯೋಜನೆ ಆರಂಭವಾಯಿತು. 3 ಕಿಲೋವ್ಯಾಟ್ ಅಳವಡಿಕೆಗೆ 78,000 ರೂಪಾಯಿಯವರೆಗೆ ಸಹಾಯಧನ ಎಂದು ಪ್ರಕಟಿಸಲಾಯಿತು. ಯೋಜನೆ ಒಳ್ಳೆಯದೇ. ಆದರೆ ಹಲಗೆಗಳನ್ನು ಹೊರುವ ಕಬ್ಬಿಣದ ಚೌಕಟ್ಟಿಗೆ ಎಂಟು ಕಾಲು, ಒಂದೊಂದು ಕಾಲಿಗೆ ನಾಲ್ಕು ಬೋಲ್ಟು ಎಂದು ಹಿಡಿದರೂ ಸ್ಲಾಬಿಗೆ 32 ತೂತುಗಳಾದವು. ಹಲಗೆಗಳು ಇಪ್ಪತ್ತೈದು ವರ್ಷ ಬಾಳುವಂಥವು. ಆ ತೂತುಗಳೂ ಅಷ್ಟೇ ವರ್ಷ ನೀರನ್ನು ತಡೆಯಬೇಕಷ್ಟೆ?

ಪ್ರತಿ ತೂತಿನ ಸುತ್ತಲೂ ಒಂದು ಹಿಡಿ ಸಿಮೆಂಟು ಅಥವಾ ಬಿಳಿ ಅಂಟು ಮೆತ್ತಿರುತ್ತಾರೆ. ಅದು ಏಕೆ ನಿಲ್ಲುವುದಿಲ್ಲ ಎಂಬುದನ್ನು ಎಂಟನೆಯ ತರಗತಿಯ ವಿಜ್ಞಾನವೇ ಹೇಳುತ್ತದೆ. ಬಿಸಿಯಾದಾಗ ವಸ್ತುಗಳು ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ; ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ಪಿವಿಸಿ ಪೈಪು ಕಾಂಕ್ರೀಟಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಬಿಸಿಲಿನಲ್ಲಿ ನಿಂತ ಮೂರು ಮೀಟರ್ ಉದ್ದದ ಪೈಪಿನ ಉಷ್ಣತೆ 30 ಡಿಗ್ರಿ ಏರಿಳಿದರೆ ಅದರ ಉದ್ದದಲ್ಲಿ ಐದು ಮಿಲಿಮೀಟರಿನಷ್ಟು ವ್ಯತ್ಯಾಸವಾಗುತ್ತದೆ. ಮೇ ತಿಂಗಳ ಬಿಸಿಲಿಗೆ ಕಾದ ಪೈಪಿನ ಮೇಲೆ ಮೊದಲ ಮಳೆ ಬಿದ್ದಾಗ ಅದು ಸರಕ್ಕನೆ ಕುಗ್ಗುತ್ತದೆ. ಸಿಮೆಂಟು ಗಾರೆ ಒಂದಿಷ್ಟೂ ಬಾಗುವ ವಸ್ತುವಲ್ಲ. ನುಣುಪಾದ ಪಿವಿಸಿಯನ್ನು ಅದು ಹಿಡಿದುಕೊಳ್ಳುವುದೂ ಇಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ಲೋಮನಾಳದಲ್ಲಿ ನೀರು ಹೇಗೆ ಚಲಿಸುತ್ತದೆ ಎಂದು ತೆಳು ಗಾಜಿನ ಕೊಳವೆಯನ್ನು ಬಣ್ಣದ ನೀರಿನಲ್ಲಿ ಅದ್ದಿ ತೋರಿಸಿದ್ದು ನಿಮಗೆ ನೆನಪಿರಬಹುದು. ಅದೇ ನಿಯಮದಿಂದ ಆ ಬಿರುಕು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇನ್ನು ಅಂಗಡಿಯ ಅಗ್ಗದ ಅಂಟುಗಳು ಧೂಳಿನ ಮೇಲೆ, ಪಾಚಿಯ ಮೇಲೆ ಮೆತ್ತಿದರೆ ಕಾಂಕ್ರೀಟಿಗಲ್ಲ, ಆ ಧೂಳಿಗೆ ಅಂಟಿಕೊಂಡಿರುತ್ತವೆ.

ಒಳಗೆ ಹೋದ ನೀರು ನೆಟ್ಟಗೆ ಕೆಳಗೆ ಬೀಳುವುದಿಲ್ಲ ಎಂಬುದು ಮತ್ತೊಂದು ತೊಡಕು. ಅದು ಸ್ಲಾಬಿನೊಳಗಿನ ಕಬ್ಬಿಣದ ಸರಳನ್ನೋ ವಿದ್ಯುತ್ ತಂತಿಯ ಕೊಳವೆಯನ್ನೋ ಹಿಡಿದು ಸಾಗಿ ಎಲ್ಲೋ ಹತ್ತು ಅಡಿ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ನಾವು ಕಲೆ ಕಂಡ ಜಾಗದ ಮೇಲ್ಭಾಗಕ್ಕೆ ಬಣ್ಣ ಬಳಿಯುತ್ತೇವೆ. ತೂತು ಇನ್ನೆಲ್ಲೋ ಇರುತ್ತದೆ. ಅಷ್ಟರಲ್ಲಿ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಚಕ್ಕೆಯಾಗಿ ಉದುರುತ್ತದೆ. ತ್ರಾಸಿ, ಮರವಂತೆ, ಗಂಗೊಳ್ಳಿ, ಕೋಡಿಯಂತಹ ಕಡಲಂಚಿನ ಊರುಗಳಲ್ಲಿ ಉಪ್ಪು ಗಾಳಿಯೂ ಸೇರಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಮನೆಯ ಆಯುಸ್ಸನ್ನು ಕುಗ್ಗಿಸುವುದಕ್ಕೆ ಭೂಕಂಪವೇ ಆಗಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದುದು ಜೀವಕ್ಕೆ ಒದಗುವ ಅಪಾಯ. ನಮ್ಮ ನೆರೆಯ ಊರಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಮ್ಮ ಒಂಟಿಯಾಗಿ ಇದ್ದಾರೆ. ಮಗ ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದಾನೆ. ಅಮ್ಮನಿಗೆ ಬೇಸರ ಬಾರದಿರಲೆಂದು ಟಿವಿಗೆ ಡಿಶ್ ಹಾಕಿಸಿಕೊಟ್ಟ. ಕೆಲಸದವನು ಬಂದು, ಟೆರೇಸಿನಿಂದ ನೇರವಾಗಿ ತೂತು ಕೊರೆದು, ಕೇಬಲ್ಲನ್ನು ಟಿವಿಯ ಹಿಂದಿನ ಸ್ವಿಚ್ ಬೋರ್ಡಿನ ಬಳಿ ಇಳಿಸಿ, ಹಣ ಪಡೆದು ಹೋದ. ಮಳೆಗಾಲದಲ್ಲಿ ನೀರು ಕೇಬಲ್ಲಿನ ಮೈಯನ್ನೇ ಹಿಡಿದು ಬೋರ್ಡಿನೊಳಗೆ ಇಳಿಯಿತು. ಒಂದು ಸಂಜೆ ದೀಪ ಹಾಕಲು ಹೋದವರ ಕೈ ಜುಮ್ಮೆಂದಿತು. ಪುಣ್ಯಕ್ಕೆ ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು. ಅವರು ಮಗನಿಗೆ ಈ ವಿಷಯವನ್ನು ಹೇಳಲಿಲ್ಲ. "ಅಂವ ಅಷ್ಟ್ ದೂರ ಇದ್ದ್ ಎಂತ ಮಾಡೂಕ್ ಆತ್ತ್? ಸುಮ್ನೆ ಮಂಡೆಬಿಸಿ" ಎಂದರು. ದೂರದಲ್ಲಿರುವ ಮಕ್ಕಳೇ, ಊರಿನಲ್ಲಿ ಮನೆ ಸೋರುತ್ತಿದೆ ಎಂದು ನಿಮ್ಮ ತಾಯಂದಿರು ಹೇಳುತ್ತಿಲ್ಲವೆಂದರೆ ಸೋರುತ್ತಿಲ್ಲ ಎಂದು ತಿಳಿಯಬೇಡಿ. ಬಕೆಟ್ ಇಟ್ಟು, ಒದ್ದೆ ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆಯೇ ನಡೆದಾಡುತ್ತ ಅವರು ಮಳೆಗಾಲ ಕಳೆಯುತ್ತಿರಬಹುದು. ಆ ವಯಸ್ಸಿನಲ್ಲಿ ಒಮ್ಮೆ ಜಾರಿ ಬಿದ್ದರೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು.

ಹಾಗಾದರೆ ಇದಕ್ಕೆ ಹೊಣೆ ಯಾರು? ನನ್ನಲ್ಲಿಯೇ ಹತ್ತನೆಯ ತರಗತಿ ಓದಿದ, ಈಗ ವಿದ್ಯುತ್ ಕೆಲಸ ಮಾಡುವ ಹುಡುಗನೊಬ್ಬನನ್ನು ಕೇಳಿದೆ. "ಒಟ್ಟಿ ಮಾಡೂದ್ ನಮ್ ಕೆಲ್ಸ, ಮಾಷ್ಟ್ರೇ, ಮುಚ್ಚೂದ್ ಗಾರೆಯವ್ರ್ ಕೆಲ್ಸ" ಎಂದ. ಗಾರೆಯ ಮೇಸ್ತ್ರಿಯನ್ನು ಕೇಳಿದರೆ, "ನಾವು ಸ್ಲಾಬು ಹಾಕಿ ಕೊಟ್ಟಾಗ ಒಂದು ಹನಿ ಇಳಿಯುತ್ತಿರಲಿಲ್ಲ, ಕೊರೆದವರನ್ನು ಕೇಳಿ" ಎನ್ನುತ್ತಾನೆ. ಪ್ಲಂಬರ್ ವಿದ್ಯುತ್ತಿನವನನ್ನು ತೋರಿಸುತ್ತಾನೆ, ವಿದ್ಯುತ್ತಿನವನು ಡಿಶ್ಶಿನವನನ್ನು, ಅವನು ಸೋಲಾರಿನವನನ್ನು. ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬನೂ ತನ್ನ ಪೈಪನ್ನು ಸರಿಯಾಗಿಯೇ ಹಾಕಿದ್ದಾನೆ. ಪೈಪಿಗೂ ಸ್ಲಾಬಿಗೂ ನಡುವಿನ ಆ ಬೆರಳಗಲದ ಜಾಗ ಮಾತ್ರ ಯಾರಿಗೂ ಸೇರಿದ್ದಲ್ಲ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ತೂತು ಕೊರೆದವನೇ ಅದನ್ನು ಮುಚ್ಚಿ, ನೀರು ನಿಲ್ಲಿಸಿ ತೋರಿಸಿ ಹೋಗಬೇಕು. ಹಾಗೆಯೇ ಮನೆಯವರು ಅದಕ್ಕೆ ತಕ್ಕ ಹಣವನ್ನೂ ಕೊಡಬೇಕು. ಕೆಲಸಗಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ದಿನಕ್ಕೆ ಇಂತಿಷ್ಟು ಸಂಪರ್ಕ ಮುಗಿಸಬೇಕೆಂಬ ಒತ್ತಡ ಅವನಿಗಿರುತ್ತದೆ; ಮುಚ್ಚುವ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ. ನಾವೋ, ಟಿವಿಯಲ್ಲಿ ಚಿತ್ರ ಬಂತೇ ಎಂದು ನೋಡುತ್ತೇವೆಯೇ ಹೊರತು ಟೆರೇಸಿಗೆ ಹತ್ತಿ ನೋಡುವುದಿಲ್ಲ. ಮನೆಯ ನಕ್ಷೆಯಲ್ಲಿ ದೇವರ ಕೋಣೆ ಯಾವ ಮೂಲೆಗೆ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಮಾಡಿನಲ್ಲಿ ಎಷ್ಟು ತೂತು, ಎಲ್ಲೆಲ್ಲಿ ಎಂದು ಒಂದು ದಿನವಾದರೂ ಕೇಳಿದ್ದೇವೆಯೇ? ತೇವ ಮತ್ತು ನೀರು ತಡೆಯುವ ಕೆಲಸಕ್ಕೆ ಐಎಸ್ 3067 ಎಂಬ ಮಾನಕ ನಮ್ಮ ದೇಶದಲ್ಲಿ ಇದ್ದೇ ಇದೆ. ಕಾಗದದ ಮೇಲೆ ಇರುವುದು ಟೆರೇಸಿಗೆ ಏರಬೇಕಾದರೆ ಕೇಳುವವರು ಬೇಕು.

ಇನ್ನು ಮಾಡಬೇಕಾದುದೇನು? ತಿಳಿದವರಿಂದ ಕೇಳಿ, ನೋಡಿ ಕಲಿತ ಕೆಲವು ವಿಷಯಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಸಾಧ್ಯವಾದಷ್ಟು ಮಾಡನ್ನು ಕೊರೆಯಲೇಬಾರದು. ಕೇಬಲ್ಲುಗಳು, ಎಸಿಯ ಕೊಳವೆ, ಚಿಮಣಿಯ ಕೊಳವೆ ಇವೆಲ್ಲವೂ ಸನ್‌ಶೇಡಿನ ಅಡಿಯಲ್ಲಿ ಗೋಡೆಯ ಮೂಲಕ ಹೋಗಬಹುದು. ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಕೇಬಲ್ ಒಳಹೋಗುವ ಮುನ್ನ ತೂತಿಗಿಂತ ಕೆಳಕ್ಕೆ ಒಮ್ಮೆ ಬಾಗಿ ಅನಂತರ ಮೇಲೇರಿ ಒಳಗೆ ಬರಬೇಕು. ಹೀಗಿದ್ದರೆ ಅದರ ಮೈಹಿಡಿದು ಬಂದ ನೀರು ಬಾಗಿದ ತಳದಲ್ಲಿಯೇ ತೊಟ್ಟಿಕ್ಕಿಬಿಡುತ್ತದೆ. ಇದಕ್ಕೆ ಬೇಕಾಗುವುದು ಎರಡು ಅಡಿ ಹೆಚ್ಚಿನ ಕೇಬಲ್ ಮಾತ್ರ.

ಎರಡನೆಯದಾಗಿ, ಹೊಸ ಮನೆ ಕಟ್ಟುವವರು ಸೆಂಟ್ರಿಂಗ್ ಆಗುವಾಗಲೇ ಬೇಕಾದ ತೂತುಗಳನ್ನು ನಿಶ್ಚಯಿಸಬೇಕು. ಹೋಗಬೇಕಾದ ಪೈಪಿಗಿಂತ ದಪ್ಪವಾದ ಒಂದು ಹೊರಕೊಳವೆಯನ್ನು ಸ್ಲಾಬಿನ ಜೊತೆಯಲ್ಲಿಯೇ ಕೂರಿಸಬೇಕು. ಅದು ಟೆರೇಸಿನ ಮಟ್ಟದಿಂದ ಕನಿಷ್ಠ ಆರು ಇಂಚು ಮೇಲೆ ಎದ್ದು ನಿಲ್ಲಬೇಕು. ಅದರ ಸುತ್ತ ತುಳಸಿಕಟ್ಟೆಯಂತೆ ಒಂದು ಪುಟ್ಟ ಕಟ್ಟೆ ಇರಬೇಕು. ನೀರು ತಡೆಯುವ ಲೇಪನವು ನೆಲದಲ್ಲಿ ನಿಲ್ಲದೆ ಆ ಕಟ್ಟೆಯನ್ನು ಏರಿ ಕೊಳವೆಯವರೆಗೆ ಹೋಗಬೇಕು. ಒಳಗಿನ ಪೈಪಿಗೆ ಮೇಲಿನಿಂದ ಒಂದು ಟೋಪಿ ತೊಡಿಸಿ, ಅದರ ಅಂಚು ಹೊರಕೊಳವೆಯ ಬಾಯಿಯನ್ನು ದಾಟಿ ಕೆಳಗೆ ಇಳಿಯುವಂತೆ ಮಾಡಬೇಕು. ಪೈಪು ಹಿಗ್ಗಲಿ, ಕುಗ್ಗಲಿ, ಟೋಪಿ ಅದರೊಂದಿಗೆ ಆಡುತ್ತದೆ; ಸಂದು ಬಿರಿಯುವ ಪ್ರಶ್ನೆಯೇ ಇಲ್ಲ. ಇದು ನಮ್ಮ ಹೆಂಚಿನ ಸೂತ್ರವೇ. ಕೇಬಲ್ಲುಗಳಿಗಾದರೆ ಕೊಳವೆಯ ತುದಿಗೆ ಎರಡು ಎಲ್ಬೋ ಸೇರಿಸಿ ಊರುಗೋಲಿನ ಹಿಡಿಯಂತೆ ಬಾಯಿ ಕೆಳಕ್ಕೆ ಮಾಡಿದರೆ ಸಾಕು.

ಮೂರನೆಯದಾಗಿ, ಈಗಾಗಲೇ ಇರುವ ತೂತು. ಹಳೆಯ ಸಿಮೆಂಟಿನ ಮೇಲೆ ಹೊಸ ಸಿಮೆಂಟು ಮೆತ್ತುವುದು ಹುಣ್ಣಿನ ಮೇಲೆ ಬಟ್ಟೆ ಸುತ್ತಿದಂತೆ. ಹಳೆಯದನ್ನೆಲ್ಲ ಕಿತ್ತು, ಧೂಳು ಪಾಚಿ ತೆಗೆದು, ಪೂರ್ತಿ ಒಣಗಿಸಿ, ಪೈಪಿನ ಮೈಯನ್ನು ಉಜ್ಜುಕಾಗದದಿಂದ ಒರಟು ಮಾಡಬೇಕು. ಸಂದಿಗೆ ಕಲ್ಲಿನಂತೆ ಗಟ್ಟಿಯಾಗುವುದನ್ನಲ್ಲ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೇಥೇನ್ ಸೀಲಂಟನ್ನು ತುಂಬಿ, ಸುತ್ತಲೂ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕಟ್ಟಬೇಕು. ಈ ಕೆಲಸಕ್ಕೆ ಒಣ ಹವೆ ಬೇಕು. ಮೃಗಶಿರಾ ಮಳೆ ಹಿಡಿದ ಮೇಲೆ ಓಡಾಡುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆಯೇ ಸರಿ.

ಹೆಂಚಿನ ಮಾಡಿನಲ್ಲಿ ಪೈಪು ಹೊರಡಿಸಬೇಕಾದರೆ ಹೆಂಚನ್ನು ಒಡೆದು ಸಿಮೆಂಟು ಹಾಕಬಾರದು. ಆ ಹೆಂಚನ್ನು ತೆಗೆದು, ಅದರ ಜಾಗದಲ್ಲಿ ಪೈಪಿಗೆ ಕೊರಳುಳ್ಳ ಅಲ್ಯುಮಿನಿಯಂ ತಗಡನ್ನು ಕೂರಿಸಬೇಕು: ಮೇಲಿನ ಹೆಂಚಿನ ಅಡಿಗೆ, ಕೆಳಗಿನ ಹೆಂಚಿನ ಮೇಲಕ್ಕೆ. ಸೌರ ವಿದ್ಯುತ್ತಿನ ಚೌಕಟ್ಟಿಗೆ ಸ್ಲಾಬನ್ನು ಕೊರೆಯುವುದಕ್ಕೆ ಬದಲಾಗಿ ಟೆರೇಸಿನ ಮೇಲೆ ಭಾರವಾದ ಕಾಂಕ್ರೀಟು ದಿಮ್ಮಿಗಳನ್ನು ಇಟ್ಟು ಅವುಗಳಿಗೆ ಕಾಲು ಬಿಗಿಯುವ ಕ್ರಮವಿದೆ. ನಮ್ಮ ಕಡಲ ಗಾಳಿಗೆ ಎಷ್ಟು ಭಾರ ಬೇಕು, ಸ್ಲಾಬು ಅದನ್ನು ತಾಳುತ್ತದೆಯೇ ಎಂಬ ಲೆಕ್ಕವನ್ನು ಮಾತ್ರ ಇಂಜಿನಿಯರರೇ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತೂತಿನ ಸುತ್ತಲನ್ನು ಮುಚ್ಚುವುದು ಬೇರೆ, ತೂತನ್ನೇ ಮುಚ್ಚುವುದು ಬೇರೆ. ಗಾಳಿ ಪೈಪಿನಿಂದ ಮಳೆನೀರು ಬರುತ್ತದೆಂದು ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದವರನ್ನು ನಾನು ನೋಡಿದ್ದೇನೆ. ಶೌಚಾಲಯದ ಗಾಳಿ ಪೈಪು ಹೊಲಸು ಅನಿಲವನ್ನು ಹೊರಹಾಕುವುದಷ್ಟೇ ಅಲ್ಲ. ನೀರು ರಭಸದಿಂದ ಇಳಿಯುವಾಗ ಒಳಗಿನ ಒತ್ತಡವನ್ನು ಸರಿದೂಗಿಸಿ, ಬಾಗಿದ ಕೊಳವೆಯಲ್ಲಿ ನಿಂತ ನೀರು ಎಳೆದುಹೋಗದಂತೆ ಕಾಯುತ್ತದೆ. ಬಾಯಿ ಕಟ್ಟಿದರೆ ಆ ಅನಿಲ ಮನೆಯೊಳಕ್ಕೆ ಬರುತ್ತದೆ. ಅದಕ್ಕೆ ಬೇಕಾದದ್ದು ಸೊಳ್ಳೆಬಲೆ ಇರುವ ಟೋಪಿ ಮಾತ್ರ. ಇನ್ನು ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದು, ಎರಚಲು ಬರುತ್ತದೆಂದು ಗಾಳಿಗಿಂಡಿಯನ್ನು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬಿದ್ದ ಮೇಲೆಯೇ ಗೊತ್ತಾಗುವುದು. ನೀರಿನ ಭಯದಿಂದ ಉಸಿರಿನ ದಾರಿಯನ್ನು ಮುಚ್ಚಬೇಡಿ.

"ಇಷ್ಟೆಲ್ಲ ಏಕೆ, ಟೆರೇಸಿನ ಮೇಲೆ ಶೀಟು ಹಾಕಿಸಿದರೆ ಮುಗಿಯಿತಲ್ಲ" ಎನ್ನುವವರಿದ್ದಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಂದೂರಿನಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಬಂದರೆ ಎಡಬಲಗಳಲ್ಲಿ ನೀಲಿ, ಕೆಂಪು ಶೀಟಿನ ಟೊಪ್ಪಿಗೆ ಹೊತ್ತ ತಾರಸಿ ಮನೆಗಳು ಸಾಲಾಗಿ ಕಾಣುತ್ತವೆ. ನಮ್ಮ ಮಳೆಗೆ ಇಳಿಜಾರು ಮಾಡೇ ಸರಿ ಎಂಬುದನ್ನು ನಾವು ಎರಡು ಸಲ ಹಣ ಕೊಟ್ಟು ಕಲಿತಂತಾಯಿತು! ಶೀಟು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಟ್ಟೆ ಒಣಗಿಸಲು, ಅಡಿಕೆ ಹರಡಲು ಅನುಕೂಲವೂ ಹೌದು. ಆದರೆ ಶೀಟಿಗೆ ನೂರಾರು ಸ್ಕ್ರೂಗಳಿರುತ್ತವೆ. ಒಂದೊಂದು ಸ್ಕ್ರೂ ಒಂದೊಂದು ತೂತು. ಸ್ಕ್ರೂವನ್ನು ಶೀಟಿನ ಉಬ್ಬಿನಲ್ಲಿ ಹಾಕಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಅದರ ಅಡಿಯ ರಬ್ಬರಿನ ಬಿಲ್ಲೆ ಬಿಸಿಲಿಗೆ ವರ್ಷಗಳು ಕಳೆದಂತೆ ಒಣಗಿ ಸೀಳುತ್ತದೆ, ಬದಲಾಯಿಸಬೇಕು. ಟ್ಯಾಂಕಿನ ಪೈಪು, ಗಾಳಿ ಪೈಪು ಶೀಟನ್ನೂ ತೂರಿಯೇ ಹೋಗಬೇಕಷ್ಟೆ? ಪ್ರಶ್ನೆ ಒಂದು ಮಹಡಿ ಮೇಲಕ್ಕೆ ಹೋಯಿತೇ ಹೊರತು ಬಗೆಹರಿಯಲಿಲ್ಲ.

ಪರೀಕ್ಷೆಯಿಲ್ಲದೆ ಯಾವ ಪಾಠವೂ ಪೂರ್ಣವಾಗುವುದಿಲ್ಲ. ಮೇ ತಿಂಗಳಲ್ಲಿ ಇಡೀ ಟೆರೇಸಿಗೆ ನೀರು ನಿಲ್ಲಿಸಿ ನೋಡಲು ಬಾವಿಯಲ್ಲಿ ನೀರಿರುವುದಿಲ್ಲ. ಅದರ ಅಗತ್ಯವೂ ಇಲ್ಲ. ಪ್ರತಿ ಪೈಪಿನ ಸುತ್ತ ಒಂದು ಅಡಿ ಅಗಲಕ್ಕೆ ಜೇಡಿಮಣ್ಣಿನ ಬಳೆ ಕಟ್ಟಿ, ಎರಡು ಕೊಡ ನೀರು ಹೊಯ್ದು, ಒಂದು ದಿನ ಬಿಡಿ. ಮಾರನೆಯ ದಿನ ಒಳಗಿನ ಸೂರನ್ನು ನೋಡಿ. ಒಣಗಿದ್ದರೆ ಕೆಲಸದವನಿಗೆ ಉಳಿದ ಹಣ ಕೊಡಿ. ತೇವವಿದ್ದರೆ ಅವನನ್ನು ಮತ್ತೆ ಕರೆಯಿರಿ. ಜೊತೆಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ವಿದ್ಯುತ್ ಸ್ವಿಚ್ ಮನೆಯಲ್ಲಿ ಇದೆಯೇ, ಅದರ ಪರೀಕ್ಷೆಯ ಗುಂಡಿ ಒತ್ತಿದರೆ ಕರೆಂಟು ಹೋಗುತ್ತದೆಯೇ ಎಂದೂ ನೋಡಿಸಿ. ಹೆಂಚು ಕೈಯಾಡಿಸುತ್ತಿದ್ದ ಕಾಲದ ಶಿಸ್ತನ್ನು ಕಾಂಕ್ರೀಟಿನ ಮನೆಗೂ ತಂದಂತಾಗುತ್ತದೆ.

ದೂರದಲ್ಲಿರುವ ನೀವು ಊರಿನ ಮನೆಗೆ ಏನನ್ನಾದರೂ ತರಿಸಿಕೊಡುವಾಗ, ಬೆಲೆ ವಿಚಾರಿಸುವುದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಿ. ಇದಕ್ಕೆ ತೂತು ಎಲ್ಲಿ ಬೀಳುತ್ತದೆ? ಅದನ್ನು ಯಾರು, ಯಾವುದರಿಂದ ಮುಚ್ಚುತ್ತಾರೆ? ಮೊದಲ ಮಳೆಗೆ ಸೋರಿದರೆ ಯಾರು ಬರುತ್ತಾರೆ? ಉತ್ತರ ಬಿಲ್ಲಿನ ಮೇಲೆಯೇ ಬರೆದು ಬರಲಿ. ಕೆಲಸ ಮುಗಿದ ಮೇಲೆ ಟಿವಿಯ ಚಿತ್ರದ ಫೋಟೋ ಬೇಡ, ಟೆರೇಸಿನ ತೂತಿನ ಫೋಟೋ ಕಳುಹಿಸಿ ಎನ್ನಿ.

ಈ ಸಲ ಊರಿಗೆ ಬಂದಾಗ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಬಂದ ಮಾರನೆಯ ಬೆಳಿಗ್ಗೆ, ದೇವಸ್ಥಾನಕ್ಕೂ ಕಡಲ ಕರೆಗೂ ಹೊರಡುವ ಮುನ್ನ, ಒಂದು ಕಾಗದ ಪೆನ್ಸಿಲು ಹಿಡಿದು ಟೆರೇಸಿಗೆ ಹತ್ತಿ ತೂತುಗಳನ್ನು ಎಣಿಸಿ. ಮಾಡಿನ ಚಿತ್ರ ಬರೆದು ಒಂದೊಂದನ್ನೂ ಗುರುತಿಸಿ, ಅಮ್ಮನ ಬಳಿ ಒಂದು ಪ್ರತಿ ಕೊಡಿ. ಎಷ್ಟಾಯಿತೆಂದು ನನಗೂ ಫೋನಿನಲ್ಲಿ ತಿಳಿಸಿದರೆ ಸಂತೋಷ. ಏಣಿಯನ್ನು ಯಾರಾದರೂ ಹಿಡಿದುಕೊಂಡಿರಲಿ.